ಡಾಕ್ಟರ ದನಿ, ದೊರೆಯ ಬಾಲ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪಿಕೊಳ್ಳದಿದ್ದರೆ ನಮ್ಮ ಉಪ್ಪಾರಹಳ್ಳಿ ಬೀದಿಯಲ್ಲಿ ಯಾರನ್ನು ಕೇಳಿದರೂ ನನಗಿಂತ ಚೆನ್ನಾಗಿ, ಕೈಬಾಯಿ ತಿರುಗಿಸಿ ಹೇಳುತ್ತಾರೆ. ನಾಯಿ ಡಾಕ್ಟರ ದನಿಯಲ್ಲಿ ಹೆತ್ತ ತಾಯಿಗೇ ಫೋನ್ ಮಾಡಿ, ಹೊಸ ಮರಿ ತರಬಹುದು, ಮನೆಯಲ್ಲಿರುವ ಹಳೆಯ ನಾಯಿಗೆ ಏನೂ ಆಗುವುದಿಲ್ಲ ಎಂದು ಅಪ್ಪಣೆ ಕೊಟ್ಟ ಮಹಾನುಭಾವ ನಾನೇ.

ಇದೆಲ್ಲ ಇವತ್ತು ಯಾಕೆ ನೆನಪಾಯಿತೆಂದರೆ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರುವಾಗ ಮೊಣಕಾಲು ಮತ್ತೆ ಕೇರಂ ಬೋರ್ಡಿಗೆ ಬಡಿಯಿತು. ಕೇರಂ ಬೋರ್ಡು ನೆಲದ ಮೇಲಿರಬೇಕು ಅಥವಾ ಅಟ್ಟದ ಮೇಲಿರಬೇಕು. ನಮ್ಮ ಮನೆಯಲ್ಲಿ ಅದು ಹಾಲಿಗೂ ಅಡುಗೆಮನೆಗೂ ನಡುವೆ, ಬಾಗಿಲಿಗೆ ಅಡ್ಡವಾಗಿ, ಗೇಟಿನ ಹಾಗೆ ನಿಂತಿದೆ. ಅದರ ಕೆಲಸ ಮುಗಿದು ತಿಂಗಳುಗಳಾದವು. ತೆಗೆಯೋಣವೆಂದರೆ ಎಲ್ಲರಿಗೂ ದಾಟಿ ದಾಟಿ ಅಭ್ಯಾಸವಾಗಿಬಿಟ್ಟಿದೆ. ಎಪ್ಪತ್ತು ದಾಟಿದ ನಮ್ಮಜ್ಜಿ ಸೀರೆ ಒಂದು ಗೇಣು ಎತ್ತಿ, ಹುಡುಗಿಯ ಹಾಗೆ ದಾಟಿ ಹೋಗುತ್ತಾಳೆ. ಎಡವುವವನು ನಾನೊಬ್ಬನೇ.

ಚಿಕ್ಕಂದಿನಲ್ಲೂ ಆ ಬೋರ್ಡು ನನಗೆ ಒಲಿದಿರಲಿಲ್ಲ. ಬೇಸಿಗೆ ರಜೆಯಲ್ಲಿ ಬೀದಿಯ ಹುಡುಗರೆಲ್ಲ ಅದರ ಸುತ್ತ ಕೂತು ರಾಣಿಯನ್ನು ಹೊಡೆಯುವುದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಿದ್ದರೆ ನಾನು ರೇಡಿಯೋದವರ ದನಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದೆ. ಆಡುವವರು ನಕ್ಕು ನಕ್ಕು ಸ್ಟ್ರೈಕರು ಸೋಫಾದಡಿ ಸೇರುತ್ತಿತ್ತು. ಪೌಡರು ಖಾಲಿಯಾದರೆ ಅಮ್ಮನ ಮುಖದ ಪೌಡರು ಬರುತ್ತಿತ್ತು. ಹಾಗಾಗಿ ನಮ್ಮ ಬೋರ್ಡಿಗೆ ಇವತ್ತಿಗೂ ಮಲ್ಲಿಗೆಯ ವಾಸನೆ.

ಅನುಕರಣೆ ನನಗೆ ಕಲಿತ ವಿದ್ಯೆಯಲ್ಲ, ಅಂಟಿದ ಕಾಯಿಲೆ. ಮೊದಲು ಹಾಲಿನವನ ದನಿ ಬಂತು, ಆಮೇಲೆ ಪಕ್ಕದ ಮನೆಯವರ ಕೆಮ್ಮು ಬಂತು, ಆಮೇಲೆ ನಮ್ಮ ಹೆಡ್‌ಮಾಸ್ಟರು ಪೂರ್ತಿಯಾಗಿ ನನ್ನ ಗಂಟಲಿನಲ್ಲಿ ವಾಸಕ್ಕೆ ಬಂದರು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಸ್ಕೂಲಿಗೆ ಇಂಜೆಕ್ಷನ್ನಿನವರು ಬಂದರು. “ಏನೂ ಇಲ್ಲ ಕಣ್ಲಾ, ಇರುವೆ ಕಚ್ಚಿದಂಗೆ” ಎಂದು ಆಗ ಊರಿಂದ ಬಂದಿದ್ದ ಅಜ್ಜಿ ಧೈರ್ಯ ಹೇಳಿ ಕಳಿಸಿದ್ದಳು. ಆದರೆ ನನಗಿಂತ ಮುಂಚೆ ಹೋದ ಹುಡುಗ ಕೂಗಿದ ಕೂಗು ಕೇಳಿದರೆ ಆ ಇರುವೆ ಹುಲಿಯ ಗಾತ್ರದ್ದಿರಬೇಕು ಅನ್ನಿಸಿತು. ತಕ್ಷಣ ಹೆಡ್‌ಮಾಸ್ಟರ ದನಿ ತೆಗೆದು, “ಇವತ್ತು ಔಷಧಿ ಮುಗಿದಿದೆ, ಎಲ್ಲರೂ ಶಿಸ್ತಿನಿಂದ ಮನೆಗೆ ಹೊರಡಿ” ಎಂದೆ. ಅರ್ಧ ಕ್ಲಾಸು ಬ್ಯಾಗು ಏರಿಸಿತ್ತು. ಹಿಂದಿನಿಂದ ಅದೇ ದನಿ, “ನೀನು ಮಾತ್ರ ನಿಲ್ಲು” ಎಂದಿತು. ಅವತ್ತು ನನಗೆ ತೋಳಿಗೊಂದು, ಬೆನ್ನಿಗೊಂದು ಬಿತ್ತು. ಬುದ್ಧಿ ಬರಬೇಕಿತ್ತು, ಬರಲಿಲ್ಲ. ಈಗ ಬೈಕು ಶೋರೂಮಿನಲ್ಲಿ ಕೆಲಸ. ಅಲ್ಲೂ ಮ್ಯಾನೇಜರು ರಜೆ ಹಾಕಿದ ದಿನ ನಮ್ಮವರಿಗೆ ಅವರ ಕೊರತೆ ಕಾಡದಂತೆ ನೋಡಿಕೊಳ್ಳುತ್ತೇನೆ.

ಇನ್ನು ದೊರೆಯ ವಿಷಯ. ದೊರೆ ಅಜ್ಜಿಯ ನಾಯಿ. ಅಜ್ಜಿ ಗುಬ್ಬಿ ಹತ್ತಿರದ ತನ್ನೂರು ಕಡಬದಿಂದ ತುಮಕೂರಿಗೆ ಬಂದು ನಮ್ಮ ಜೊತೆ ಇರುವುದಾದರೆ ನಾಯಿಯೂ ಬರಬೇಕೆಂದು ಷರತ್ತು ಹಾಕಿ ಕರೆತಂದವನು. ಹಳೇ ಬೆಲ್ಲದ ಬಣ್ಣ, ಈಗ ಮೂತಿ ಮಾತ್ರ ಬೂದಿ ಬಳಿದ ಹಾಗೆ ಬಿಳಿ. ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಅಪ್ಪ ದಿನಾ ಕುಣಿಗಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುವ ನೌಕರ. ನಾವೆಲ್ಲ ಹೊರಗೆ ಹೋದ ಮೇಲೆ ಅಜ್ಜಿಗೆ ಮಾತಿಗೆ ಸಿಗುವುದು ಅವನೊಬ್ಬನೇ. ಕಡಬದ ಕೆರೆಗೆ ನೀರು ಬಂತಂತೆ, ಇಂಥವರ ತೆಂಗಿಗೆ ನುಸಿ ಬಿತ್ತಂತೆ ಎಂದು ಫೋನಿನಲ್ಲಿ ಬಂದ ಸುದ್ದಿಯನ್ನೆಲ್ಲ ಅಜ್ಜಿ ಮೊದಲು ಹೇಳುವುದು ಅವನಿಗೆ. ಅವನು ಮಂಚದ ಪಕ್ಕ ಕೂತು ಗಂಭೀರವಾಗಿ ಕೇಳುತ್ತಾನೆ.

ದೊರೆಯನ್ನು ನೋಡುವ ಡಾಕ್ಟರು ಕುಣಿಗಲ್ ಕಡೆಯವರು. ಊರಿನ ಕುದುರೆ ಫಾರಮಿನ ಕುದುರೆಗಳನ್ನು ನೋಡುತ್ತ ಬೆಳೆದವರಾದ್ದರಿಂದ ಅಂಗೈಯಗಲದ ನಾಯಿಯನ್ನು ತೋರಿಸಿದರೂ ಕುದುರೆಯ ಲೆಕ್ಕದಲ್ಲೇ ಮಾತಾಡುತ್ತಾರೆ. ದನಿ ಮೂಗಿನ ಮಾರ್ಗವಾಗಿ ಬರುತ್ತದೆ. ಅದಕ್ಕಿಂತ ದೊಡ್ಡ ಸೊಗಸೆಂದರೆ, ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ. “ಊಟ ಮಾಡ್ತಾನಾ? ಮಾಡ್ತಾನೆ. ಭೇದಿ ಇದ್ಯಾ? ಇಲ್ಲ. ಗಾಬರೀನಾ? ಗಾಬರಿ ಬೇಡ.” ಇಂಥ ದನಿ ಕೈಗೆ ಸಿಕ್ಕಿದ ಮೇಲೆ ಸುಮ್ಮನಿರಲು ನಾನೇನು ಸನ್ಯಾಸಿಯೇ? ಊಟಕ್ಕೆ ಕೂತಾಗ, “ಸಾರಿಗೆ ಉಪ್ಪು ಬೇಕಾ? ಬೇಕು” ಎಂದರೆ ಅಮ್ಮನೂ ನಕ್ಕುಬಿಡುತ್ತಿದ್ದಳು. ನನ್ನ ಡಾಕ್ಟರ ದನಿ ಕೇಳಿದಾಗ ದೊರೆ ಬಾಲವನ್ನು ನೆಲಕ್ಕೆ ಟಪಟಪ ಬಡಿಯುತ್ತಿದ್ದ. ನಿಜವಾದ ಡಾಕ್ಟರ ದನಿ ಕೇಳಿದರೆ ಮಾತ್ರ ಕಂಡ ಮಂಚ, ಬೆಂಚುಗಳಡಿ ಸೇರಿಕೊಳ್ಳುತ್ತಿದ್ದ. ಬಾಲ ಬಡಿದಿದ್ದನ್ನು ನಾನು ಚಪ್ಪಾಳೆ ಎಂದುಕೊಂಡಿದ್ದೆ.

ಕಳೆದ ದಸರಾ ರಜೆಗೆ ಎರಡು ತಿಂಗಳು ಮುಂಚೆ, ನಿಟ್ಟೂರಿನಲ್ಲಿರುವ ಚಿಕ್ಕಮ್ಮನ ಮನೆಯ ನಾಯಿ ಮರಿ ಹಾಕಿತು. ರಜೆ ಶುರುವಾಗುವ ಹೊತ್ತಿಗೆ ಅದರಲ್ಲೊಂದು ಜೀರಿಗೆ ಬಣ್ಣದ ಹೆಣ್ಣು ಮರಿಯ ಫೋಟೋ ನನ್ನ ಫೋನಿಗೆ ಬಂತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ನಾನು ಅಲ್ಲೇ ಬಿದ್ದುಹೋದೆ. ಅಮ್ಮ ಮಾತ್ರ ಬೀಳಲಿಲ್ಲ. “ಮನೇಲಿ ವಯಸ್ಸಾದ ನಾಯಿ ಇದೆ. ಡಾಕ್ಟ್ರು ಹೂಂ ಅಂದ್ರೆ ತಾ, ಇಲ್ದಿದ್ರೆ ಫೋಟೋನೇ ಸಾಕ್ಕೋ” ಎಂದಳು. ಅಜ್ಜಿ, “ಬರ್ಲಿ ಬುಡು, ದೊರೇಗೂ ಜೊತೆಯಾಯ್ತದೆ” ಎಂದು, ಒಂದು ಗಳಿಗೆ ಬಿಟ್ಟು, “ಆದ್ರೆ ಅವ್ನಿಗೇನಾರ ಆದ್ರೆ ನಾನು ಕಡಬದ ಬಸ್ ಹತ್ತೋಳೇ” ಎಂದು ಸೇರಿಸಿದಳು. ಅಜ್ಜಿ ತಮಾಷೆಗೆ ಹೇಳುವಾಗ ಕಣ್ಣು ಸಣ್ಣದು ಮಾಡುತ್ತಾಳೆ. ಅವತ್ತು ಮಾಡಲಿಲ್ಲ.

ಡಾಕ್ಟರ ಹತ್ತಿರ ಹೋದೆ. ಅವರು ದೊರೆಯ ಹಳೆಯ ಸಮಾಚಾರವನ್ನೆಲ್ಲ ತೆಗೆದರು. “ದೊಡ್ಡವನಿಗೆ ವರ್ಷಾ ವರ್ಷಾ ಇಂಜೆಕ್ಷನ್ ಹಾಕಿಸ್ಬೇಕಿತ್ತು. ಹಾಕ್ಸಿದ್ರಾ? ಹಾಕ್ಸಿಲ್ಲ. ಮೊದ್ಲು ಅವನಿಗೆ ಹಾಕ್ಸಿ. ಎರಡು ಮೂರು ವಾರ ಬಿಟ್ಟು ಮರಿ ತನ್ನಿ. ಅದಕ್ಕೂ ಅಲ್ಲೇ ಮೊದಲನೇದು ಆಗಿರ್ಲಿ. ಬಂದ ಮೇಲೂ ಸ್ವಲ್ಪ ದಿನ ತಟ್ಟೆ ಬೇರೆ, ಜಾಗ ಬೇರೆ. ಬೀದಿಗೆ ಬಿಡ್ಲೇಬೇಡಿ. ತಿಳೀತಾ? ತಿಳೀತು.” ನನ್ನ ಪರವಾಗಿ ಅವರೇ ತಿಳಿದುಕೊಂಡ ಮೇಲೆ ನಾನು ಬೇರೆ ಯಾಕೆ ತಿಳಿದುಕೊಳ್ಳಲಿ? ಮೂಗಿನ ಏರಿಳಿತವನ್ನು ಮಾತ್ರ ಚೆನ್ನಾಗಿ ಗಮನಿಸಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಫೋನು. “ಮಿಕ್ಕಿದ್ ಮರಿ ಎಲ್ಲಾ ಹೋದ್ವು ಕಣೋ. ಇದೊಂದು ಉಳ್ದಿರೋದು. ಗುಬ್ಬಿಯೋರು ಯಾರೋ ನಾಳೆ ಬರ್ತಾರಂತೆ. ಇವತ್ ಬಂದ್ರೆ ನಿಂದು.” ಸ್ಕೂಟರು ಗುಬ್ಬಿ ದಾಟಿ ನಿಟ್ಟೂರು ಸೇರಿದ್ದು ನನಗೇ ಗೊತ್ತಾಗಲಿಲ್ಲ. ಮರಿಯನ್ನು ಎತ್ತಿಕೊಂಡೆ. ಅದು ನನ್ನ ಗಡ್ಡ ನೆಕ್ಕಿತು. ಎರಡು ಮೂರು ವಾರ ಎಂಬ ಮಾತು ಎಲ್ಲೋ ಹಾರಿಹೋಯಿತು. ಚಿಕ್ಕಪ್ಪ ಹೊಸದಾಗಿ ತೆಗೆದುಕೊಂಡಿದ್ದ ನಂಬರು ಅಮ್ಮನಿಗೆ ಗೊತ್ತಿರಲಿಲ್ಲ. ಅವರ ಫೋನು ಇಸಿದುಕೊಂಡು ಹಿತ್ತಲಿನ ತೆಂಗಿನ ಮರದಡಿ ನಿಂತೆ. ಮೂಗು ಒಂಚೂರು ಒತ್ತಿಕೊಂಡೆ.

“ನಮಸ್ಕಾರ ಅಮ್ಮಾ, ನಾಯಿ ಡಾಕ್ಟ್ರು. ನಿಮ್ಮ ಮಗ ಬಂದಿದ್ನಾ? ಬಂದಿದ್ದ. ಮರಿ ತರಬಹುದಾ? ಧಾರಾಳವಾಗಿ ತರಬಹುದು.”

“ಭಾನುವಾರಾನೂ ಕೆಲ್ಸ ಮಾಡ್ತೀರಾ ಡಾಕ್ಟ್ರೇ, ಪಾಪ.”

“ಕುದುರೆಗೆ ಭಾನುವಾರ ಅಂತ ಇದ್ಯಾ? ಇಲ್ಲ.”

“ಅಲ್ಲಾ, ನಮ್ ದೊರೇದು ಇಂಜೆಕ್ಷನ್ ಹಳೇದಾಗಿದೆಯಲ್ಲ?”

ಇಲ್ಲಿ ಒಂದು ಕ್ಷಣ ತಡವರಿಸಿದೆ. ಆದರೆ ಕಲಾವಿದ ನಿಲ್ಲಬಾರದು. “ಹಳೇದಾದಷ್ಟೂ ಗಟ್ಟಿ ಅಮ್ಮಾ. ಉಪ್ಪಿನಕಾಯಿ ಹಳೇದಾದ್ರೆ ಕೆಡುತ್ತಾ? ಕೆಡಲ್ಲ.”

ಗಣಿತದ ಟೀಚರು ಈ ಸೂತ್ರವನ್ನು ಹೇಗೆ ಒಪ್ಪಿದಳೋ ದೇವರೇ ಬಲ್ಲ. ಚಿಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವಳು ನಗುತ್ತಿದ್ದರಿಂದ ನಾನು ಮಾಡಿದ್ದು ಪುಣ್ಯದ ಕೆಲಸವೆಂದೇ ಅನ್ನಿಸಿತು.

ಜರ್ಕಿನ್ನಿನೊಳಗೆ ಮರಿಯನ್ನಿಟ್ಟು, ಜಿಪ್ಪು ಎಳೆದು, ಕತ್ತಿನ ಹತ್ತಿರ ಅದರ ಮೂತಿ ಹೊರಗೆ ಬರುವಂತೆ ಮಾಡಿಕೊಂಡು ಹೊರಟೆ. ಗುಬ್ಬಿಯಲ್ಲಿ ಟೀಗೆ ನಿಂತರೆ ಅಂಗಡಿಯವನು ಲೋಟ ಕೊಡದೆ ನೋಡುತ್ತ ನಿಂತ. “ಏನ್ ಸಾರ್, ಎರಡ್ ತಲೆ?” ಎಂದ. “ಒಂದಕ್ಕೆ ಟೀ, ಒಂದಕ್ಕೆ ಬನ್ನು” ಎಂದೆ. ಅಷ್ಟರಲ್ಲಿ ಎರಡನೇ ತಲೆಯ ಒಡತಿ ನನ್ನ ಶರ್ಟಿನ ಮೇಲೆ ತನ್ನ ಕೆಲಸ ಮುಗಿಸಿದಳು. ಅಲ್ಲಿಂದ ತುಮಕೂರಿನವರೆಗೆ ಹೊಟ್ಟೆ ಬೆಚ್ಚಗಿತ್ತು.

ಮನೆ ಸೇರಿದಾಗ ಅಜ್ಜಿ ಬಾಗಿಲಲ್ಲೇ ತಡೆದಳು. ಕಡಬದಲ್ಲಿದ್ದಾಗ ಮನೆಗೆ ಹೊಸ ಪ್ರಾಣಿ ಬಂದರೆ ಅದನ್ನು ಒರಳುಕಲ್ಲಿಗೆ ಮೂರು ಸುತ್ತು ಬರಿಸುತ್ತಿದ್ದಳಂತೆ, ಓಡಿಹೋಗದಿರಲಿ ಅಂತ. ನಮ್ಮನೆಯಲ್ಲಿ ಒರಳುಕಲ್ಲು ಎಲ್ಲಿದೆ? “ಮಿಕ್ಸಿಗೇ ಸುತ್ತ್ಸು” ಎಂದಳು. ಜೀರಿಗೆ ಎಂದು ಹೆಸರಿಟ್ಟು ಮಿಕ್ಸಿಗೆ ಮೂರು ಸುತ್ತು ಹಾಕಿಸಿದೆ. ಆಮೇಲೆ ಅಜ್ಜಿಯ ಎರಡನೇ ಶಾಸ್ತ್ರ. ಹಳೆಯ ನಾಯಿಗೂ ಹೊಸ ಮರಿಗೂ ಒಂದೇ ತಟ್ಟೆಯಲ್ಲಿ ಉಣ್ಣಿಸಬೇಕು, ಆಗ ಜನ್ಮದಲ್ಲಿ ಕಚ್ಚಾಡುವುದಿಲ್ಲ. ದೊರೆಯ ತಟ್ಟೆಯಲ್ಲಿ ಹಾಲು ಕಲೆಸಿದ ಮುದ್ದೆ ಬಂತು. ದೊರೆ ಒಂದು ಬಾಯಿ ತಿಂದು, ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿದ. ಜೀರಿಗೆ ತಟ್ಟೆಯೊಳಗೇ ಇಳಿದುಬಿಟ್ಟಳು.

ತಟ್ಟೆ ಬೇರೆ, ಜಾಗ ಬೇರೆ. ಡಾಕ್ಟರ ಮಾತು ಆಗ ನೆನಪಾಯಿತು, ಅವರ ದನಿಯಲ್ಲೇ. ಬಾಯಿ ತೆರೆದೆ. ಆದರೆ ಏನೆಂದು ಹೇಳುವುದು? ಮಧ್ಯಾಹ್ನ ತಾನೇ ಡಾಕ್ಟರು ಉಪ್ಪಿನಕಾಯಿಯ ಉದಾಹರಣೆ ಕೊಟ್ಟು ಅಪ್ಪಣೆ ಕೊಟ್ಟಿದ್ದಾರೆ. ಅವರ ದನಿಯಲ್ಲಿ ಸುಳ್ಳು ಹೇಳಲು ಬಂದ ಧೈರ್ಯ ನನ್ನ ದನಿಯಲ್ಲಿ ನಿಜ ಹೇಳಲು ಬರಲಿಲ್ಲ. ಅಜ್ಜಿ, “ನೋಡ್ಲಾ, ಎಂಗೆ ಹೊಂದ್ಕಂಡ್ವು” ಎಂದು ಖುಷಿಪಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ಜೀರಿಗೆ ಎರಡೂ ಕಿವಿ ಕೆಳಗೆ ಹಾಕಿ ಮೂಲೆಯಲ್ಲಿ ಮುದುಡಿಕೊಂಡಿದ್ದಳು. ವಾಂತಿ, ಭೇದಿ. ಕರೆದರೂ ತಲೆ ಎತ್ತಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಮರಿಯ ಹೊಟ್ಟೆ ಮುಟ್ಟಿ ನೋಡಿ, “ಇಂಜೆಕ್ಷನ್ ಆಗಿದ್ಯಾ? ಆಗಿಲ್ಲ. ದೊಡ್ಡವನಿಗೆ ಆಗಿದ್ಯಾ? ಆಗಿಲ್ಲ. ಎರಡನ್ನೂ ಬೇರೆ ಇಟ್ಟಿದ್ರಾ?” ಎಂದು ನನ್ನ ಮುಖ ನೋಡಿದರು. ಉತ್ತರವನ್ನು ಅವರೇ ಕೊಡಲೆಂದು ಕಾದೆ. ಕೊಡಲಿಲ್ಲ. “ಒಂದೇ ತಟ್ಟೇಲಿ ಉಂಡಿದಾವೆ ಸಾರ್” ಎಂದೆ. ನನ್ನ ಸ್ವಂತ ದನಿ ಎಷ್ಟು ಸಣ್ಣದೆಂದು ಅವತ್ತೇ ಗೊತ್ತಾಗಿದ್ದು.

ಮರಿಗಳ ಜೀವವನ್ನೇ ತೆಗೆಯುವ ಅಂಟುರೋಗದ ದೊಡ್ಡ ಭೇದಿಯೋ ಬರೀ ಹುಳುವೋ ಪರೀಕ್ಷೆ ಮಾಡಿ ನೋಡಬೇಕು, ದೊಡ್ಡದೇ ಆಗಿದ್ದರೆ ಇಂಜೆಕ್ಷನ್ ತಪ್ಪಿದ ಮುದಿ ನಾಯಿಗೂ ಹತ್ತಬಹುದು ಎಂದರು. ಜೀರಿಗೆಯನ್ನು ಬೇರೆ ಕೋಣೆಯಲ್ಲಿ ಇಟ್ಟುಕೊಂಡರು. “ಹೋಗಿ ನೆಲ ತೊಳಸು, ತಟ್ಟೆ ಬಿಸಾಕು, ಮರಿ ಮಲಗಿದ ಕಡೆ ಅವನನ್ನ ಬಿಡಬೇಡ” ಎಂದು ಕಳಿಸಿದರು. ನಾನು ಬ್ಲೀಚಿಂಗ್ ಪೌಡರಿಗೆಂದು ಅಂಗಡಿ ಅಂಗಡಿ ಅಲೆಯುತ್ತಿದ್ದೆ. ನನ್ನನ್ನು ನಂಬಿ ಕೂರುವುದು ಬೇಡವೆಂದು ಡಾಕ್ಟರು ತಾವೇ ಅಮ್ಮನಿಗೆ ಫೋನ್ ಮಾಡಿದ್ದಾರೆ.

ಅದಕ್ಕೂ ಸ್ವಲ್ಪ ಮುಂಚೆ ಚಿಕ್ಕಮ್ಮ ಫೋನ್ ಮಾಡಿ, “ಅಕ್ಕಾ, ನಿನ್ ಮಗ ಡಾಕ್ಟ್ರ ತರ ಏನ್ ಮಾತಾಡ್ದ ಕಣೇ! ಉಪ್ಪಿನಕಾಯಂತೆ! ನೀನೂ ನಂಬ್ಬಿಟ್ಯಲ್ಲೇ” ಎಂದು ನಕ್ಕು ಮುಗಿಸಿದ್ದಳು. ಅಂದರೆ ಅಮ್ಮ ಕಾದ ಕಾವಲಿಯಾಗಿ ಕೂತಿದ್ದಳು. ಆಗ ಹೊಸ ನಂಬರಿನಿಂದ ಮೂಗಿನ ದನಿ ಬಂತು.

ನಾನು ಗೇಟು ತೆಗೆಯುವಾಗಲೇ ಅಮ್ಮನ ದನಿ ಬೀದಿಗೆ ಕೇಳುತ್ತಿತ್ತು. ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಅಜ್ಜಿಯೂ ಕೇಳಲಿ ಅಂತ.

“ಮತ್ತೆ ಶುರು ಮಾಡ್ದಾ? ನಾಚ್ಕೆ ಆಗಲ್ವೇನೋ ಹೆತ್ತ ತಾಯಿಗೆ ಟೋಪಿ ಹಾಕಕ್ಕೆ?”

“ಅಮ್ಮಾ, ನಾನು ಡಾಕ್ಟ್ರು ಮಾತಾಡ್ತಿರೋದು. ತಟ್ಟೆ ತೊಳದ್ರಾ? ತೊಳ್ದಿಲ್ಲ...”

“ಮೂಗು ಜಾಸ್ತಿ ಆಯ್ತು ಕಣೋ! ನಿನ್ನೆದೇ ಎಷ್ಟೋ ವಾಸಿ. ಇವತ್ತಿಂದಕ್ಕೆ ಹತ್ತಕ್ಕೆ ನಾಲ್ಕು ಮಾರ್ಕ್ಸು.”

“ಅಮ್ಮಾ, ದೊಡ್ಡ ನಾಯೀನ ಆ ತಟ್ಟೆ ಹತ್ರ ಬಿಡಬೇಡಿ...”

“ಮನೆಗ್ ಬಾ, ನಿಂಗೆ ತಟ್ಟೇಲಿ ಬಡಿಸ್ತೀನಿ!”

“ಲೇ, ಅದು ಡಾಕ್ಟ್ರೇ ಕಣೇ” ಎಂದಳು ಅಜ್ಜಿ. “ದೊರೆ ನೋಡು, ಮಂಚದ ಕೆಳೀಕೆ ಹೋದ.”

“ನೀವು ಸುಮ್ನಿರಿ ಅತ್ತೆ, ನಾಯಿ ಸಾಕ್ಷಿ ತಗೊಂಡು ನಾನೇನ್ ಮಾಡ್ಲಿ?” ಎನ್ನುತ್ತ ತಿರುಗಿದ ಅಮ್ಮನಿಗೆ ಬಾಗಿಲಲ್ಲಿ ನಾನು ಕಂಡೆ. ಬಾಯಿ ಮುಚ್ಚಿತ್ತು. ಕೈಯಲ್ಲಿ ಬ್ಲೀಚಿಂಗ್ ಪೌಡರಿನ ಪ್ಯಾಕೆಟ್ಟು. ಫೋನು ಮಾತ್ರ, “ಹಲೋ, ಅಮ್ಮಾ, ಕೇಳಿಸ್ತಾ? ಕೇಳಿಸ್ಲಿಲ್ಲ” ಎನ್ನುತ್ತಲೇ ಇತ್ತು. ಅಮ್ಮ ನನ್ನನ್ನು ನೋಡಿದಳು. ಫೋನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಗಣಿತದಲ್ಲಿ ಇಂಥ ಲೆಕ್ಕ ಅವಳಿಗೆ ಎಂದೂ ಎದುರಾಗಿರಲಿಲ್ಲ.

ನಾನು ಓಡಿದ್ದು ತಟ್ಟೆಯ ಕಡೆಗೆ. ಅಜ್ಜಿ ಆಗ ತಾನೇ ಅದರಲ್ಲಿ ದೊರೆಗೆ ಬೆಳಗಿನ ಮುದ್ದೆ ಹಾಕಿಟ್ಟಿದ್ದಳು. ರಾತ್ರಿ ಜೀರಿಗೆ ಇಳಿದು ಆಡಿದ ಅದೇ ತಟ್ಟೆ. ಮುದ್ದೆ ಮುಟ್ಟದೆ ಹಾಗೇ ಇತ್ತು. ಡಾಕ್ಟರ ನಿಜವಾದ ದನಿ ಕೇಳಿ ದೊರೆ ಹಸಿವನ್ನೂ ಮರೆತು ಮಂಚದಡಿ ಸೇರಿದ್ದ.

ತಟ್ಟೆಯನ್ನು ಮುದ್ದೆ ಸಮೇತ ಬಿಸಾಕಿ ಬಂದೆ. ಸಂಜೆಯವರೆಗೆ ನೆಲ ತೊಳೆದೆ, ಮೂಲೆ ತೊಳೆದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ. ಅಜ್ಜಿ ಮಂಚದ ಮೇಲೆ ಕೂತು, ಕೈ ಕೆಳಗೆ ಇಳಿಬಿಟ್ಟು, ದೊರೆಯ ತಲೆಯನ್ನು ಮುಟ್ಟಿಕೊಂಡೇ ಇದ್ದಳು. ಕೆರೆಯ ಸುದ್ದಿಯನ್ನೂ ಹೇಳಲಿಲ್ಲ, ತೆಂಗಿನ ಸುದ್ದಿಯನ್ನೂ ಹೇಳಲಿಲ್ಲ. ನಾನು ಆ ಮಂಚದ ಹತ್ತಿರ ನೆಲ ಒರೆಸುವಾಗ ತಲೆ ಎತ್ತಲಿಲ್ಲ.

ಸಂಜೆ ಡಾಕ್ಟರ ಫೋನು ಬಂತು. ಈ ಸಲ ಅಮ್ಮ ಎದ್ದು ನಿಂತು ಮಾತಾಡಿದಳು. ದೊಡ್ಡ ಭೇದಿ ಅಲ್ಲ, ಹುಳುವಿನದು. ಮರಿ ಎದ್ದು ಕೂತು ಕಾಂಪೌಂಡರ ಚಪ್ಪಲಿ ಕಚ್ಚುತ್ತಿದೆ. ದೊಡ್ಡವನನ್ನು ಈಗಲೇ ಇಂಜೆಕ್ಷನ್ನಿಗೆ ಕರೆತನ್ನಿ. ಅಜ್ಜಿ ದೇವರ ಗೂಡಿಗೆ ಕೈ ಮುಗಿದು, ನನ್ನ ತಲೆಯ ಮೇಲೆ ಒಂದು ಮೊಟಕಿದಳು. ಆ ಮೊಟಕಿನಷ್ಟು ಹಿತವಾದದ್ದು ನನಗೆ ಈಚೆಗೆ ಯಾವುದೂ ಸಿಕ್ಕಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಅಮ್ಮ ಡಾಕ್ಟರ ಮುಖ ನೋಡದೆ ಗೋಡೆಯ ಮೇಲಿನ ಹಸುವಿನ ಚಿತ್ರಕ್ಕೆ ಕ್ಷಮೆ ಕೇಳಿದಳು. ದೊರೆ ಬಾಗಿಲು ದಾಟಿದ್ದೇ ಬೆಂಚಿನಡಿ ಹೋಗಿ ಗೋಡೆಗೆ ಅಂಟಿಕೊಂಡ. ಎಳೆದರೆ ಬರಲಿಲ್ಲ, ಬಿಸ್ಕತ್ತು ತೋರಿಸಿದರೆ ಬರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು. “ನಾನು ಕರೆದ್ರೆ ಬರ್ತಾನಾ? ಬರಲ್ಲ. ಅದೇನೋ ನನ್ ತರಾನೇ ಮಾತಾಡ್ತೀಯಂತಲ್ಲಪ್ಪ, ನೀನೇ ಕರಿ.”

ನಾಯಿ ಹಿಡಿದುಕೊಂಡು ಕೂತಿದ್ದ ಜನ, ಬೆಕ್ಕಿನ ಬುಟ್ಟಿಯ ಜನ, ಎಲ್ಲರೂ ನನ್ನನ್ನೇ ನೋಡಿದರು. ಜೀವನದಲ್ಲಿ ಮೊದಲ ಸಲ ಅನುಕರಣೆ ಮಾಡಲು ನಾಚಿಕೆಯಾಯಿತು. ಬಗ್ಗಿ, ಮೂಗು ಒತ್ತಿಕೊಂಡು, “ಬಾರಪ್ಪ ದೊರೆ. ಭಯಾನಾ? ಭಯ ಇಲ್ಲ. ಇರುವೆ ಕಚ್ಚುತ್ತಾ? ಕಚ್ಚಲ್ಲ” ಎಂದೆ. ಬೆಂಚಿನಡಿಯಿಂದ ಟಪಟಪ ಸದ್ದು ಕೇಳಿತು. ಬಾಲ ಮೊದಲು ಬಂತು, ಹಿಂದೆಯೇ ದೊರೆ ಬಂದ. ನನ್ನ ಮಡಿಲಿಗೆ ತಲೆ ಕೊಟ್ಟ ಗಳಿಗೆಯಲ್ಲಿ ಡಾಕ್ಟರು ಕೆಲಸ ಮುಗಿಸಿದರು. ದೊರೆ ಕುಂಯ್ ಎಂದು ತಲೆ ಎತ್ತಿ ನೋಡಿದ. ಡಾಕ್ಟರನ್ನಲ್ಲ, ನನ್ನನ್ನು.

ಡಾಕ್ಟರು ಹತ್ತಿ ಎಸೆಯುತ್ತ, “ನಾನು ಹಂಗೆ ಮಾತಾಡ್ತೀನಾ?” ಎಂದರು. ಅವರ ಉತ್ತರಕ್ಕಾಗಿ ಇಡೀ ಕ್ಲಿನಿಕ್ಕು ಕಾಯಿತು. ಬರಲಿಲ್ಲ. “ಆಡ್ತೀರಿ” ಎಂದಳು ಅಮ್ಮ, ಹಸುವಿನ ಚಿತ್ರವನ್ನೇ ನೋಡುತ್ತ.

ಜೀರಿಗೆಯ ಹುಳು ಹೋಗಿ, ಮೈ ತುಂಬಿ, ಅವಳ ಇಂಜೆಕ್ಷನ್ನುಗಳು ಒಂದಾದ ಮೇಲೊಂದು ಮುಗಿಯುವವರೆಗೆ, ಕೊನೆಗೆ ಹುಚ್ಚು ನಾಯಿಯದ್ದೂ ಆಗುವವರೆಗೆ, ಅಟ್ಟದಿಂದ ಇಳಿದ ಕೇರಂ ಬೋರ್ಡು ನಡುವೆ ನಿಂತಿತು. ಆಚೆ ಜೀರಿಗೆ, ಈಚೆ ದೊರೆ. ತಟ್ಟೆ ಬೇರೆ, ಜಾಗ ಬೇರೆ. ಆದರೆ ಮಧ್ಯಾಹ್ನ ಇಬ್ಬರೂ ಬೋರ್ಡಿಗೆ ಬೆನ್ನು ಕೊಟ್ಟು, ಒಂದೇ ಕಡೆ ಮಲಗುತ್ತಿದ್ದರು. ಈಗ ಬೋರ್ಡಿನ ಹಂಗಿಲ್ಲ. ಜೀರಿಗೆ ಅದನ್ನು ಹಾರಿ ಬಂದು ದೊರೆಯ ಕಿವಿ ಎಳೆಯುತ್ತಾಳೆ. ಅಜ್ಜಿ ಕಡಬದ ಸುದ್ದಿಯನ್ನು ಈಗ ಇಬ್ಬರಿಗೆ ಹೇಳುತ್ತಾಳೆ. ಚಿಕ್ಕವಳು ಗಮನ ಕೊಡುವುದಿಲ್ಲವೆಂದು ದೂರು ಕೂಡ ಇದೆ.

ಇವತ್ತು ಮೊಣಕಾಲು ಉಜ್ಜಿಕೊಳ್ಳುತ್ತ ಕೂತವನಿಗೆ ಹಳೆಯ ಚಪಲ ಹತ್ತಿತು. ಬಹಳ ದಿನವಾಗಿತ್ತು. ಮೂಗು ಒತ್ತಿಕೊಂಡು, “ಮೊಣಕಾಲು ನೋವಾ? ನೋವು. ಬುದ್ಧಿ ಬಂತಾ? ಬಂದಿಲ್ಲ” ಎಂದೆ. ದೊರೆ ಕಿವಿ ನಿಮಿರಿಸಿ, ಎದ್ದು, ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ಸೀದಾ ಅಜ್ಜಿಯ ಮಂಚದಡಿ ಹೋದ. ನಾನು ಕುಣಿದುಬಿಟ್ಟೆ. ಎಷ್ಟು ವರ್ಷದ ಸಾಧನೆ!

“ನೋಡ್ದಾ ಅಜ್ಜಿ? ಈಗ ದೊರೆಗೂ ವ್ಯತ್ಯಾಸ ಗೊತ್ತಾಗಲ್ಲ. ಪಕ್ಕಾ ಡಾಕ್ಟ್ರು ದನಿ!”

ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದಳು:

“ದನಿ ಅವತ್ತೂ ಹಂಗೇ ಇತ್ತು, ಇವತ್ತೂ ಹಂಗೇ ಅದೆ ಬುಡು. ಅವ್ನು ಹೆದರ್ಕಂಡಿರೋದು ಡಾಕ್ಟ್ರಿಗಲ್ಲ ಕಣ್ಲಾ, ನಿಂಗೆ.”